ನೂರು ಕಿಲೋಮೀಟರಿನ ಹಾರಾಟ

ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಿಂದ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 106 ಕಿಲೋಮೀಟರ್. ಮ್ಯಾಂಚೆಸ್ಟರಿನಿಂದ ಲೀಡ್ಸ್ ಬ್ರಾಡ್‌ಫರ್ಡ್ ನಿಲ್ದಾಣಕ್ಕೆ 70. ಬರ್ಮಿಂಗ್‌ಹ್ಯಾಮಿನಿಂದ ಲೀಡ್ಸ್ ಬ್ರಾಡ್‌ಫರ್ಡಿಗೆ 157. ಇಂಗ್ಲೆಂಡಿನ ನಡುನಾಡಿನಿಂದ ಉತ್ತರಕ್ಕೆ ಹಬ್ಬಿದ ಈ ಮೂರು ನಿಲ್ದಾಣಗಳನ್ನು ಕೂಡಿಸಿದರೆ ನಕ್ಷೆಯಲ್ಲಿ ಒಂದು ಸಪೂರ ತ್ರಿಕೋನ ಮೂಡುತ್ತದೆ. ಬರ್ಮಿಂಗ್‌ಹ್ಯಾಮ್ ಮತ್ತು ಲೀಡ್ಸ್ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಮ್ಯಾಂಚೆಸ್ಟರ್ ಮಾತ್ರ ಪಶ್ಚಿಮಕ್ಕೆ ಸರಿದು ನಿಂತಿದೆ. ಕರ್ನಾಟಕದ ಅಳತೆಯಲ್ಲಿ ಹೇಳುವುದಾದರೆ, ಮೈಸೂರಿನ ಮಂಡಕಳ್ಳಿಯಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಆಕಾಶದಲ್ಲಿ ಎಷ್ಟು ದೂರವೋ ಬರ್ಮಿಂಗ್‌ಹ್ಯಾಮಿನಿಂದ ಲೀಡ್ಸಿಗೆ ಅಷ್ಟು. ಹುಬ್ಬಳ್ಳಿಯಿಂದ ಬೆಳಗಾವಿಯ ಸಾಂಬ್ರಾಕ್ಕೆ ಎಷ್ಟೋ ಮ್ಯಾಂಚೆಸ್ಟರಿನಿಂದ ಲೀಡ್ಸಿಗೆ ಅದಕ್ಕಿಂತ ಕೊಂಚ ಕಡಿಮೆ. ಈ ಮೂರು ನಿಲ್ದಾಣಗಳಲ್ಲಿ ಯಾವ ಎರಡರ ನಡುವೆಯೂ ಈಗ ಟಿಕೆಟ್ ಕೊಂಡು ಹತ್ತುವಂಥ ನೇರ ವಿಮಾನವಿಲ್ಲ. ಆದರೂ ಅವುಗಳ ನಡುವಿನ ದೂರವನ್ನೂ ಹಾರಾಟದ ಅವಧಿಯನ್ನೂ ಲೆಕ್ಕ ಹಾಕುವವರಿದ್ದಾರೆ, ಅದಕ್ಕೆ ಕಾರಣಗಳೂ ಇವೆ.

ದೂರದ ಲೆಕ್ಕ ಸುಲಭ. ಪ್ರತಿ ನಿಲ್ದಾಣಕ್ಕೂ ರನ್‌ವೇಗಳ ನಡುಭಾಗದ ಸಮೀಪದಲ್ಲಿ ಒಂದು ಗುರುತಿನ ಬಿಂದು ಗೊತ್ತುಮಾಡಿ, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿರುತ್ತಾರೆ. ಬರ್ಮಿಂಗ್‌ಹ್ಯಾಮ್ 52.45 ಡಿಗ್ರಿ ಉತ್ತರದಲ್ಲಿದೆ, ಮ್ಯಾಂಚೆಸ್ಟರ್ 53.35ರಲ್ಲಿ, ಲೀಡ್ಸ್ ಬ್ರಾಡ್‌ಫರ್ಡ್ 53.87ರಲ್ಲಿ. ಅಕ್ಷಾಂಶದ ಒಂದು ಡಿಗ್ರಿ ಭೂಮಿಯ ಮೇಲೆ ಎಲ್ಲಿ ಅಳೆದರೂ 111 ಕಿಲೋಮೀಟರಿನ ಆಸುಪಾಸು. ರೇಖಾಂಶದ ಡಿಗ್ರಿ ಹಾಗಲ್ಲ. ಧ್ರುವದ ಕಡೆ ಹೋದಂತೆ ಸಣ್ಣದಾಗುತ್ತದೆ. ಬೆಂಗಳೂರಿನಲ್ಲಿ ಅದು 108 ಕಿಲೋಮೀಟರ್ ಆದರೆ ಮ್ಯಾಂಚೆಸ್ಟರಿನ ಹತ್ತಿರ 67ಕ್ಕೆ ಇಳಿದಿರುತ್ತದೆ. ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಕಿರಿದಾದ ದಾರಿಯನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. 6,371 ಕಿಲೋಮೀಟರ್ ತ್ರಿಜ್ಯದ ಗೋಳವೆಂದು ಭೂಮಿಯನ್ನು ಎಣಿಸಿ ತ್ರಿಕೋನಮಿತಿಯ ಸೂತ್ರದಿಂದ ಅದನ್ನು ಕಂಡುಹಿಡಿಯುತ್ತಾರೆ. ಬೆಂಗಳೂರಿನಿಂದ ಲಂಡನ್ನಿಗೆ ಎಂಟು ಸಾವಿರ ಕಿಲೋಮೀಟರ್ ಹಾರುವಾಗ ಭೂಮಿಯ ಈ ಬಾಗು ಬಹಳ ಮುಖ್ಯ. ನೂರು ಕಿಲೋಮೀಟರಿನ ಮಟ್ಟಿಗೆ ಅದರ ಹಂಗಿಲ್ಲ. ಹೈಸ್ಕೂಲಿನಲ್ಲಿ ಕಲಿತ ಪೈಥಾಗೊರಸನ ಪ್ರಮೇಯವೇ ಸಾಕು.

ವಿಮಾನ ನಡೆಸುವವರು ಕಿಲೋಮೀಟರನ್ನು ಬಳಸುವುದಿಲ್ಲ, ನಾಟಿಕಲ್ ಮೈಲಿಯನ್ನು ಬಳಸುತ್ತಾರೆ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್, ಅಂದರೆ ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. ಆ ಲೆಕ್ಕದಲ್ಲಿ ಬರ್ಮಿಂಗ್‌ಹ್ಯಾಮ್–ಮ್ಯಾಂಚೆಸ್ಟರ್ 57, ಮ್ಯಾಂಚೆಸ್ಟರ್–ಲೀಡ್ಸ್ 38, ಬರ್ಮಿಂಗ್‌ಹ್ಯಾಮ್–ಲೀಡ್ಸ್ 85. ಗಂಟೆಗೆ ಒಂದು ನಾಟಿಕಲ್ ಮೈಲಿಯ ವೇಗವೇ ಒಂದು ನಾಟ್.

ನಿಲ್ದಾಣಗಳ ನಡುವಿನ ದೂರವನ್ನು ಊರುಗಳ ನಡುವಿನ ದೂರವೆಂದು ಎಣಿಸಬಾರದು. ಬರ್ಮಿಂಗ್‌ಹ್ಯಾಮಿನ ನಿಲ್ದಾಣವಿರುವುದು ನಗರದ ಆಗ್ನೇಯಕ್ಕೆ, ಎಲ್ಮ್‌ಡನ್ ಎಂಬಲ್ಲಿ. 1939ರ ಜುಲೈಯಲ್ಲಿ ಅದರ ಉದ್ಘಾಟನೆಯಾಯಿತು. 1938ರ ಜೂನ್‌ನಲ್ಲಿ ತೆರೆದ ಮ್ಯಾಂಚೆಸ್ಟರಿನ ನಿಲ್ದಾಣ ನಗರದ ದಕ್ಷಿಣಕ್ಕೆ, ರಿಂಗ್‌ವೇ ಎಂಬ ಹಳ್ಳಿಯ ನೆಲದಲ್ಲಿದೆ. ಲೀಡ್ಸ್ ಮತ್ತು ಬ್ರಾಡ್‌ಫರ್ಡ್ ಎರಡೂ ನಗರಗಳಿಗೆ ಸೇರಿದ ನಿಲ್ದಾಣ 1931ರಲ್ಲಿ ಯೀಡನ್ ಎಂಬಲ್ಲಿ ಆರಂಭವಾಯಿತು. ಸಮುದ್ರಮಟ್ಟದಿಂದ 208 ಮೀಟರ್ ಎತ್ತರದ ಆ ದಿಣ್ಣೆಯೇ ಇಂಗ್ಲೆಂಡಿನ ವಿಮಾನ ನಿಲ್ದಾಣಗಳಲ್ಲಿ ಅತಿ ಎತ್ತರದ್ದು. ಒಂಬೈನೂರು ಮೀಟರ್ ಎತ್ತರದ ದೇವನಹಳ್ಳಿಗೆ ಹೋಲಿಸಿದರೆ ಇದು ಎತ್ತರವೇ ಅಲ್ಲ ಎನಿಸಬಹುದು. ಆದರೆ ಅಲ್ಲಿನ ಮೋಡ ಅಷ್ಟು ಕೆಳಗೆ ಇಳಿಯುತ್ತದೆ.

ದೂರದಿಂದ ಅವಧಿಗೆ ಬಂದರೆ ಲೆಕ್ಕ ತೊಡಕಾಗುತ್ತದೆ. ಪ್ರಯಾಣದ ಲೆಕ್ಕ ಕೊಡುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಸರಳ ಸೂತ್ರವಿರುತ್ತದೆ: ವಿಮಾನ ಗಂಟೆಗೆ 800 ಕಿಲೋಮೀಟರ್ ಹಾರುತ್ತದೆ ಎಂದಿಟ್ಟುಕೊಂಡು ದೂರವನ್ನು ಭಾಗಿಸುವುದು, ಏರುವುದಕ್ಕೂ ಇಳಿಯುವುದಕ್ಕೂ ಸೇರಿಸಿ ಅರ್ಧ ಗಂಟೆ ಕೂಡಿಸುವುದು. ಈ ಸೂತ್ರದ ಪ್ರಕಾರ ಬರ್ಮಿಂಗ್‌ಹ್ಯಾಮಿನಿಂದ ಮ್ಯಾಂಚೆಸ್ಟರಿಗೆ 38 ನಿಮಿಷ. ಅದರಲ್ಲಿ ದೂರಕ್ಕೆ ಸಂದದ್ದು ಎಂಟೇ ನಿಮಿಷ; ಉಳಿದ ಮೂವತ್ತು ನಿಮಿಷ ಆಟೋದ ಮಿನಿಮಮ್ ಚಾರ್ಜ್ ಇದ್ದ ಹಾಗೆ, ಎಷ್ಟು ಹತ್ತಿರ ಹೋದರೂ ತಪ್ಪದು. ಉತ್ತರ ತೀರಾ ತಪ್ಪಲ್ಲ, ಆದರೆ ಅದನ್ನು ತಲುಪಿದ ದಾರಿ ಸರಿಯಿಲ್ಲ. 106 ಕಿಲೋಮೀಟರಿನ ಒಳಗೆ ಯಾವ ಜೆಟ್ ವಿಮಾನವೂ 800ರ ವೇಗವನ್ನು ಮುಟ್ಟುವುದೇ ಇಲ್ಲ.

ಯಾಕೆಂದರೆ ಹತ್ತು ಸಾವಿರ ಅಡಿಗಿಂತ ಕೆಳಗೆ ಹಾರುವ ವಿಮಾನಗಳು ಸಾಮಾನ್ಯವಾಗಿ 250 ನಾಟ್, ಎಂದರೆ ಗಂಟೆಗೆ ಸುಮಾರು 460 ಕಿಲೋಮೀಟರಿನ ಮಿತಿಯನ್ನು ಪಾಲಿಸಬೇಕು. ನೆಲ ಬಿಟ್ಟ ವಿಮಾನ ಹತ್ತು ಸಾವಿರ ಅಡಿ ಏರುವಷ್ಟರಲ್ಲಿ ಮೂವತ್ತು ಕಿಲೋಮೀಟರಿನಷ್ಟು ಮುಂದೆ ಹೋಗಿರುತ್ತದೆ. ಇಳಿಯುವುದಕ್ಕೆ ಪೈಲಟ್‌ಗಳಲ್ಲಿ ಒಂದು ಬಾಯಿಲೆಕ್ಕವಿದೆ: ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. ಹತ್ತು ಸಾವಿರ ಅಡಿ ಇಳಿಯಲು 30 ನಾಟಿಕಲ್ ಮೈಲಿ, ಅಂದರೆ 55 ಕಿಲೋಮೀಟರ್ ಬೇಕು. ಏರಲು 30, ಇಳಿಯಲು 55 ಕಳೆದರೆ ಸಮತಟ್ಟಾಗಿ ಹಾರಲು ಉಳಿಯುವುದು ಇಪ್ಪತ್ತು ಕಿಲೋಮೀಟರ್. ಮ್ಯಾಂಚೆಸ್ಟರಿನಿಂದ ಲೀಡ್ಸಿಗಾದರೆ ಅದೂ ಇಲ್ಲ. ಅಲ್ಲಿ ಹತ್ತು ಸಾವಿರ ಅಡಿ ಏರುವುದೇ ವ್ಯರ್ಥ. ಆರೇಳು ಸಾವಿರಕ್ಕೆ ನಿಂತು ಇಳಿಯತೊಡಗಬೇಕು. ಎತ್ತರದ ತೆಳು ಗಾಳಿಯಲ್ಲಿ ಕಡಿಮೆ ಇಂಧನದಿಂದ ವೇಗವಾಗಿ ಸಾಗುವುದಕ್ಕೆಂದೇ ರೂಪಿಸಿದ ಯಂತ್ರ, ಇಷ್ಟು ಸಣ್ಣ ಹಾರಾಟದಲ್ಲಿ ತನಗೆ ಒಗ್ಗದ ಎತ್ತರದಲ್ಲೇ ಪೂರ್ತಿ ಹೊತ್ತು ಕಳೆಯುತ್ತದೆ.

ಇದಕ್ಕೆ ರನ್‌ವೇಗಳ ದಿಕ್ಕು ಸೇರುತ್ತದೆ. ರನ್‌ವೇಯ ಸಂಖ್ಯೆಯೇ ಅದರ ದಿಕ್ಕು. ಡಿಗ್ರಿಯ ಕೊನೆಯ ಸೊನ್ನೆಯನ್ನು ಬಿಟ್ಟು ಬರೆಯುತ್ತಾರೆ. ಬರ್ಮಿಂಗ್‌ಹ್ಯಾಮಿನ ಒಂದೇ ರನ್‌ವೇಯನ್ನು ಒಂದು ಕಡೆಯಿಂದ 15, ಇನ್ನೊಂದು ಕಡೆಯಿಂದ 33 ಎಂದು ಕರೆಯುತ್ತಾರೆ. 33ರ ದಿಕ್ಕಿನಲ್ಲಿ ಏರಿದರೆ ಮೂತಿ ಹೆಚ್ಚುಕಡಿಮೆ ಮ್ಯಾಂಚೆಸ್ಟರಿನ ಕಡೆಗೇ ಇರುತ್ತದೆ. 15ರ ದಿಕ್ಕಿನಲ್ಲಿ ಏರಿದರೆ ಬೆನ್ನು ಅತ್ತ, ತಿರುಗಿ ಬರಬೇಕು. ಮ್ಯಾಂಚೆಸ್ಟರಿನಲ್ಲಿ ಎರಡು ರನ್‌ವೇಗಳಿವೆ, ಎರಡನೆಯದು 2001ರಲ್ಲಿ ಬಂತು. ಎರಡೂ ಈಶಾನ್ಯ–ನೈರುತ್ಯವಾಗಿ ಮಲಗಿವೆ. ಇಂಗ್ಲೆಂಡಿನಲ್ಲಿ ಗಾಳಿ ಬಹುಪಾಲು ನೈರುತ್ಯದಿಂದ ಬೀಸುತ್ತದೆ. ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ಆದ್ದರಿಂದ ದಕ್ಷಿಣದಿಂದ ಬಂದ ವಿಮಾನ ನಿಲ್ದಾಣವನ್ನು ಪಕ್ಕದಲ್ಲಿ ಬಿಟ್ಟು, ಈಶಾನ್ಯಕ್ಕೆ ಸುತ್ತಿಬಂದು, ಸ್ಟಾಕ್‌ಪೋರ್ಟ್ ಪಟ್ಟಣದ ಮೇಲಿಂದ ಇಳಿಯಬೇಕಾಗುತ್ತದೆ. ಈ ಸುತ್ತು ಮೂವತ್ತು ನಲವತ್ತು ಕಿಲೋಮೀಟರ್ ಸೇರಿಸಿದರೆ 106ರ ಹಾರಾಟ 140ರದ್ದಾಗುತ್ತದೆ. ಸಾವಿರ ಕಿಲೋಮೀಟರಿನ ಪ್ರಯಾಣದಲ್ಲಿ ಇಂಥ ಸುತ್ತು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಅದು ಮೂರನೇ ಒಂದು ಪಾಲು.

ಆಕಾಶವೂ ಬಯಲಲ್ಲ. ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್ ನಿಲ್ದಾಣಗಳು ಒಂದಕ್ಕೊಂದು ಎಷ್ಟು ಸಮೀಪವೆಂದರೆ ಅವುಗಳ ನಿಯಂತ್ರಿತ ವಾಯುವಲಯಗಳು ಅಕ್ಕಪಕ್ಕದಲ್ಲೇ ಇವೆ. ಸಣ್ಣ ಖಾಸಗಿ ವಿಮಾನಗಳು ಅವುಗಳ ನಡುವೆ ನುಸುಳಿ ಹೋಗಲೆಂದು ಕೆಳಮಟ್ಟದ ಒಂದು ಇಕ್ಕಟ್ಟಾದ ಹಾದಿಯನ್ನು ಬಿಟ್ಟುಕೊಟ್ಟಿದ್ದಾರೆ. ಆ ಪ್ರದೇಶದ ಮೇಲಿನ ವಿಮಾನ ಸಂಚಾರವನ್ನು 2010ರಿಂದ ನಿಯಂತ್ರಿಸುತ್ತಿರುವುದು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ ಕೇಂದ್ರ. ಏರುವ, ಇಳಿಯುವ, ಹಾದುಹೋಗುವ ಎಲ್ಲ ವಿಮಾನಗಳನ್ನೂ ಗೊತ್ತಾದ ಬಿಂದುಗಳ ಮೂಲಕವೇ ಸಾಲಿಗೆ ತರುತ್ತಾರೆ. ನಕ್ಷೆಯ ನೇರ ಗೆರೆಯ ಮೇಲೆ ಹಾರಲು ಅನುಮತಿ ಸಿಕ್ಕರೆ ಅದು ಆ ದಿನದ ಅದೃಷ್ಟ.

ಮ್ಯಾಂಚೆಸ್ಟರ್ ಮತ್ತು ಲೀಡ್ಸ್ ನಡುವೆ ಪೆನೈನ್ ಬೆಟ್ಟಸಾಲು ಅಡ್ಡ ಬರುತ್ತದೆ. ಅದರ ಈ ಭಾಗದಲ್ಲಿ ಅತಿ ಎತ್ತರದ ಕಿಂಡರ್ ಸ್ಕೌಟ್ 636 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೆ. ಇಂದಿನ ವಿಮಾನಗಳಿಗೆ ಅದು ಅಡ್ಡಿಯಲ್ಲ. ಹಿಂದೆ ಹಾಗಿರಲಿಲ್ಲ. 1949ರ ಆಗಸ್ಟ್ 19ರಂದು ಬೆಲ್‌ಫಾಸ್ಟಿನಿಂದ ಮ್ಯಾಂಚೆಸ್ಟರಿಗೆ ಇಳಿಯುತ್ತಿದ್ದ ಬ್ರಿಟಿಷ್ ಯೂರೋಪಿಯನ್ ಏರ್‌ವೇಸ್‌ನ ಡಕೋಟಾ ವಿಮಾನ ಮಂಜಿನಲ್ಲಿ ಸ್ಯಾಡಲ್‌ವರ್ತ್ ಬಳಿಯ ಬೆಟ್ಟಕ್ಕೆ ಬಡಿದು, ಅದರಲ್ಲಿದ್ದ 32 ಜನರಲ್ಲಿ 24 ಜನ ತೀರಿಕೊಂಡರು. ಮಲೆಯ ತುದಿಗಳಲ್ಲಿ ಆ ಕಾಲದ ವಿಮಾನಗಳ ಲೋಹದ ತುಂಡುಗಳು ಇಂದಿಗೂ ಚಾರಣಿಗರ ಕಣ್ಣಿಗೆ ಬೀಳುತ್ತವೆ. ಲೀಡ್ಸ್ ಬ್ರಾಡ್‌ಫರ್ಡಿನ ರನ್‌ವೇ ವಾಯವ್ಯ–ಆಗ್ನೇಯವಾಗಿರುವುದರಿಂದ ನೈರುತ್ಯದ ಗಾಳಿ ಅದಕ್ಕೆ ಸರಿಯಾಗಿ ಅಡ್ಡವಾಗಿ ಬೀಸುತ್ತದೆ. ವಿಮಾನ ಮೂತಿಯನ್ನು ಗಾಳಿಯತ್ತ ಓರೆ ಮಾಡಿಕೊಂಡು ಬಂದು ಕೊನೆಯ ಕ್ಷಣದಲ್ಲಿ ನೇರವಾಗುವ ದೃಶ್ಯ ಅಲ್ಲಿ ಅಪರೂಪವಲ್ಲ.

ಇಷ್ಟೆಲ್ಲ ಸೇರಿ ಬರ್ಮಿಂಗ್‌ಹ್ಯಾಮಿನಿಂದ ಮ್ಯಾಂಚೆಸ್ಟರಿಗೆ ಗಾಳಿಯಲ್ಲಿರುವ ಹೊತ್ತು 20ರಿಂದ 25 ನಿಮಿಷ. ವೇಳಾಪಟ್ಟಿ ಎಣಿಸುವುದು ಇದನ್ನಲ್ಲ. ಚಕ್ರಗಳ ತಡೆ ತೆಗೆದು ವಿಮಾನ ಹಿಂದಕ್ಕೆ ಸರಿಯುವ ಕ್ಷಣದಿಂದ, ಇನ್ನೊಂದು ತುದಿಯಲ್ಲಿ ಮತ್ತೆ ತಡೆ ಇಡುವವರೆಗಿನ ಅವಧಿಯೇ ವೇಳಾಪಟ್ಟಿಯ ಲೆಕ್ಕ. ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ರನ್‌ವೇವರೆಗೆ ಉರುಳಿ ಸರದಿ ಕಾಯುವುದು, ಇಳಿದ ಮೇಲೆ ಗೇಟಿಗೆ ಬರುವುದು ಸೇರಿದರೆ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲ. ಬೆಂಗಳೂರಿನಿಂದ ಮಂಗಳೂರಿಗೆ 306 ಕಿಲೋಮೀಟರ್ ಹಾರುವ ವಿಮಾನದ ಬ್ಲಾಕ್ ಟೈಮ್ ಒಂದು ಗಂಟೆಯ ಆಸುಪಾಸು. ದೂರ ಸುಮಾರು ಮೂರು ಪಟ್ಟಾದರೂ ಸಮಯ ಹೆಚ್ಚಿದ್ದು ಕಾಲು ಗಂಟೆ. ಸಣ್ಣ ದೂರಗಳಲ್ಲಿ ಅವಧಿಯನ್ನು ತೀರ್ಮಾನಿಸುವುದು ದೂರವಲ್ಲ, ನೆಲ ಎನ್ನಲು ಈ ಹೋಲಿಕೆ ಸಾಕು.

ಈ ದಾರಿಯ ಹಾರಾಟಕ್ಕೆ ಒಂದು ಇತಿಹಾಸವಿದೆ, ಅದು ಸ್ವಾರಸ್ಯವಾದದ್ದು. 1906ರಲ್ಲಿ ಡೈಲಿ ಮೇಲ್ ಪತ್ರಿಕೆ ಲಂಡನ್ನಿನಿಂದ ಮ್ಯಾಂಚೆಸ್ಟರಿಗೆ 24 ಗಂಟೆಯೊಳಗೆ, ಎರಡಕ್ಕಿಂತ ಹೆಚ್ಚು ಕಡೆ ಇಳಿಯದೆ ಹಾರಿದವರಿಗೆ 10,000 ಪೌಂಡ್ ಬಹುಮಾನ ಸಾರಿತು. ಆಗ ಅದನ್ನು ಗೇಲಿ ಮಾಡಿದವರೇ ಹೆಚ್ಚು. 1910ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಲೂಯಿ ಪೊಲಾಂ ಮತ್ತು ಇಂಗ್ಲೆಂಡಿನ ಕ್ಲಾಡ್ ಗ್ರಹಾಂ-ವೈಟ್ ಇಬ್ಬರೂ ಪೈಪೋಟಿಗೆ ಇಳಿದರು. ಪೊಲಾಂ 27ರ ಸಂಜೆ ಹೊರಟು, ಬರ್ಮಿಂಗ್‌ಹ್ಯಾಮಿನ ಉತ್ತರಕ್ಕಿರುವ ಲಿಚ್‌ಫೀಲ್ಡಿನಲ್ಲಿ ರಾತ್ರಿ ಇಳಿದ. ನಸುಕಿನಲ್ಲಿ ಮತ್ತೆ ಏರಿ 28ರ ಬೆಳಗಿನ ಐದೂವರೆಯ ಹೊತ್ತಿಗೆ ಮ್ಯಾಂಚೆಸ್ಟರಿನ ಡಿಡ್ಸ್‌ಬರಿ ಮುಟ್ಟಿ ಗೆದ್ದ. ಅವನಿಗೆ ದಾರಿ ತೋರಿಸಿದ್ದು ಕೆಳಗಿನ ರೈಲು ಹಳಿ. ಗುರುತು ಸಿಗಲೆಂದು ಕೆಲವು ಕಡೆ ಹಳಿಯ ಅಡ್ಡಪಟ್ಟಿಗಳಿಗೆ ಸುಣ್ಣ ಬಳಿದಿದ್ದರು. ಅವನ ಹೆಂಡತಿ ಮತ್ತು ವಿಮಾನದ ನಿರ್ಮಾಪಕ ಆನ್ರಿ ಫಾರ್ಮನ್ ಇದ್ದ ವಿಶೇಷ ರೈಲು ಜೊತೆಗೇ ಓಡುತ್ತಿತ್ತು. ಲಿಚ್‌ಫೀಲ್ಡಿನಿಂದ ಮ್ಯಾಂಚೆಸ್ಟರಿಗೆ ಅವನಿಗೆ ಹಿಡಿದದ್ದು ಸುಮಾರು ಒಂದೂವರೆ ಗಂಟೆ. ಇವತ್ತು ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್ ನಿಲ್ದಾಣದಿಂದ ಮ್ಯಾಂಚೆಸ್ಟರ್ ಪಿಕಡಿಲಿಗೆ ರೈಲಿಗೆ ಹಿಡಿಯುವುದೂ ಅಷ್ಟೇ.

ಒಂಬತ್ತು ವರ್ಷಗಳ ನಂತರ, 1919ರ ಮೇ ತಿಂಗಳಲ್ಲಿ, ಏವ್ರೊ ಕಂಪನಿ ಮ್ಯಾಂಚೆಸ್ಟರಿನ ಅಲೆಕ್ಸಾಂಡ್ರಾ ಪಾರ್ಕಿನಿಂದ ಸೌತ್‌ಪೋರ್ಟ್ ಮತ್ತು ಬ್ಲ್ಯಾಕ್‌ಪೂಲ್ ಕಡಲತೀರಗಳಿಗೆ ವಿಮಾನ ಓಡಿಸಿತು. ಬ್ರಿಟನ್ನಿನ ಮೊದಲ ನಿಗದಿತ ವೇಳೆಯ ದೇಶೀಯ ಸೇವೆ ಇದೇ. ದೂರ ಎಪ್ಪತ್ತು ಕಿಲೋಮೀಟರಿನ ಒಳಗೆ; ಸೆಪ್ಟೆಂಬರಿನ ಕೊನೆಗೆ ನಿಂತಿತು. 1930ರ ಬೇಸಗೆಯಲ್ಲಿ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನ ಕ್ರಾಯ್ಡನ್‌ನಿಂದ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಮಾರ್ಗವಾಗಿ ಲಿವರ್‌ಪೂಲಿಗೆ ವಿಮಾನ ಬಿಟ್ಟು ನೋಡಿತು. ಅದೂ ಶರತ್ಕಾಲಕ್ಕೆ ಮುಗಿಯಿತು. ಗಂಭೀರ ಪ್ರಯತ್ನ ಮಾಡಿದ್ದು ರೈಲ್ವೆ ಕಂಪನಿಗಳೇ. ನಾಲ್ಕು ದೊಡ್ಡ ರೈಲ್ವೆ ಕಂಪನಿಗಳು ಇಂಪೀರಿಯಲ್ ಏರ್‌ವೇಸ್ ಜೊತೆ ಸೇರಿ 1934ರಲ್ಲಿ ರೈಲ್ವೆ ಏರ್ ಸರ್ವಿಸಸ್ ಎಂಬ ಸಂಸ್ಥೆ ಕಟ್ಟಿದವು. ಆ ವರ್ಷದ ಆಗಸ್ಟ್ 20ರಿಂದ ಅದರ ವಿಮಾನಗಳು ಕ್ರಾಯ್ಡನ್, ಬರ್ಮಿಂಗ್‌ಹ್ಯಾಮಿನ ಕ್ಯಾಸಲ್ ಬ್ರಾಮ್‌ವಿಚ್, ಮ್ಯಾಂಚೆಸ್ಟರಿನ ಬಾರ್ಟನ್, ಬೆಲ್‌ಫಾಸ್ಟ್, ಗ್ಲಾಸ್ಗೋ ಹೀಗೆ ಟಪಾಲು ಮತ್ತು ಪ್ರಯಾಣಿಕರನ್ನು ಹೊತ್ತು ಹಾರತೊಡಗಿದವು. ಬಳಸಿದ್ದು ನಾಲ್ಕು ಎಂಜಿನ್‌ಗಳ, ಎರಡು ಅಂತಸ್ತಿನ ರೆಕ್ಕೆಗಳ ಡಿ ಹ್ಯಾವಿಲೆಂಡ್ 86. ಗಂಟೆಗೆ 230 ಕಿಲೋಮೀಟರಿನ ಅದರ ವೇಗದಲ್ಲಿ ಕ್ಯಾಸಲ್ ಬ್ರಾಮ್‌ವಿಚ್‌ನಿಂದ ಬಾರ್ಟನ್‌ಗೆ ಅರ್ಧ ಗಂಟೆ. ಜೆಟ್ ಯುಗ ಅದರಲ್ಲಿ ಉಳಿಸಬಲ್ಲದ್ದು ಹೆಚ್ಚೆಂದರೆ ಹತ್ತು ನಿಮಿಷ, ಅದನ್ನೂ ನೆಲದ ಮೇಲಿನ ಸರದಿಯಲ್ಲಿ ಕಳೆದುಕೊಳ್ಳುತ್ತದೆ. ತೊಂಬತ್ತು ವರ್ಷಗಳಲ್ಲಿ ವಿಮಾನ ಇಷ್ಟು ಬದಲಾದರೂ ಈ ದಾರಿಯ ಅವಧಿ ಅಲುಗಲಿಲ್ಲ ಎಂಬುದು ಇಡೀ ವಿಷಯದಲ್ಲೇ ಗಮನಾರ್ಹವಾದ ಸಂಗತಿ.

ರೈಲ್ವೆ ಕಂಪನಿಗಳು ಹಾರಲು ಹೊರಟದ್ದು ವಿಮಾನದ ಮೇಲಿನ ಪ್ರೀತಿಗಿಂತ ಅದರ ಭಯದಿಂದ ಎನ್ನಬೇಕು. ಆ ಭಯ ಈ ಸೀಮೆಯ ಮಟ್ಟಿಗಂತೂ ಹುಸಿಯಾಯಿತು. 1837ರಿಂದಲೇ ಬರ್ಮಿಂಗ್‌ಹ್ಯಾಮಿಗೂ ಮ್ಯಾಂಚೆಸ್ಟರಿಗೂ ರೈಲು ಸಂಪರ್ಕವಿದೆ. ಬರ್ಮಿಂಗ್‌ಹ್ಯಾಮಿನಿಂದ ಲೀಡ್ಸಿಗೆ ಈಗ ಎರಡು ಗಂಟೆ, ಮ್ಯಾಂಚೆಸ್ಟರಿನಿಂದ ಲೀಡ್ಸಿಗೆ ಒಂದು ಗಂಟೆಯೊಳಗೆ ರೈಲು ತಲುಪುತ್ತದೆ, ಅದೂ ಊರಿನ ನಡುವಿನಿಂದ ಊರಿನ ನಡುವಿಗೆ. ರಸ್ತೆಯಲ್ಲಿ ಬರ್ಮಿಂಗ್‌ಹ್ಯಾಮ್ ನಿಲ್ದಾಣದಿಂದ ಮ್ಯಾಂಚೆಸ್ಟರ್ ನಿಲ್ದಾಣಕ್ಕೆ ಎಂ6 ಹೆದ್ದಾರಿಯ ಮೇಲೆ ಸುಮಾರು 140 ಕಿಲೋಮೀಟರ್. ದಟ್ಟಣೆ ಇಲ್ಲದಿದ್ದರೆ ಒಂದೂವರೆ ಗಂಟೆ, ಆದರೆ ಎಂ6ರಲ್ಲಿ ದಟ್ಟಣೆ ಇಲ್ಲದ ದಿನವನ್ನು ಆ ಸೀಮೆಯವರು ಅಷ್ಟಾಗಿ ಕಂಡಿಲ್ಲ. ಪೆನೈನ್ ದಾಟುವ ಎಂ62 ಹೆದ್ದಾರಿ 372 ಮೀಟರ್ ಎತ್ತರಕ್ಕೆ ಏರುತ್ತದೆ. ಇಂಗ್ಲೆಂಡಿನ ಮೋಟಾರು ಹೆದ್ದಾರಿಗಳಲ್ಲಿ ಇದಕ್ಕಿಂತ ಎತ್ತರದ್ದಿಲ್ಲ. ಬರ್ಮಿಂಗ್‌ಹ್ಯಾಮಿನಿಂದ ಮ್ಯಾಂಚೆಸ್ಟರಿಗೆ ಅತಿವೇಗದ ಎಚ್‌ಎಸ್2 ರೈಲು ಬಂದಿದ್ದರೆ ಪ್ರಯಾಣ 41 ನಿಮಿಷಕ್ಕೆ ಇಳಿಯುತ್ತಿತ್ತು, ಎರಡೂ ವಿಮಾನ ನಿಲ್ದಾಣಗಳ ಪಕ್ಕದಲ್ಲಿ ಅದಕ್ಕೆ ನಿಲುಗಡೆಯೂ ಇರುತ್ತಿತ್ತು. ಅಂದರೆ ವಿಮಾನದ ಬ್ಲಾಕ್ ಟೈಮಿಗಿಂತಲೂ ಕಡಿಮೆ. ಲೀಡ್ಸ್ ಕಡೆಯ ಕವಲನ್ನು 2021ರಲ್ಲಿ ಮೊಟಕುಗೊಳಿಸಿದರು. ಮ್ಯಾಂಚೆಸ್ಟರ್ ಕಡೆಯದನ್ನು 2023ರ ಅಕ್ಟೋಬರಿನಲ್ಲಿ ಆಗಿನ ಪ್ರಧಾನಿ ರಿಷಿ ಸುನಕ್ ಕೈಬಿಟ್ಟರು. ಆ ಘೋಷಣೆ ಮಾಡಿದ್ದು ಮ್ಯಾಂಚೆಸ್ಟರಿನಲ್ಲೇ ನಿಂತು.

ಸಣ್ಣ ದೂರವೆಂದ ಮಾತ್ರಕ್ಕೆ ವಿಮಾನ ನಿಷ್ಪ್ರಯೋಜಕ ಎಂದಲ್ಲ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ ಲೋಗನ್‌ಏರ್‌ನ ಪುಟ್ಟ ವಿಮಾನ 1967ರಿಂದ ಹಾರುತ್ತಿದೆ. ದೂರ ಮೂರು ಕಿಲೋಮೀಟರಿಗೂ ಕಡಿಮೆ, ವೇಳಾಪಟ್ಟಿಯ ಅವಧಿ ಎರಡು ನಿಮಿಷ; ಜಗತ್ತಿನ ಅತಿ ಚಿಕ್ಕ ನಿಗದಿತ ಹಾರಾಟ ಅದು. ಅಲ್ಲಿ ನಡುವೆ ಇರುವುದು ಕಡಲು. ಮ್ಯಾಂಚೆಸ್ಟರಿನಿಂದ ಲಂಡನ್ ಹೀತ್ರೂಗೆ 243 ಕಿಲೋಮೀಟರ್. ರೈಲು ಎರಡು ಗಂಟೆ ಚಿಲ್ಲರೆಯಲ್ಲಿ ಲಂಡನ್ ಮುಟ್ಟಿದರೂ ವಿಮಾನ ನಡೆಯುತ್ತಿರುವುದಕ್ಕೆ ಹೀತ್ರೂನಿಂದ ಮುಂದಕ್ಕೆ ಹಾರುವವರು ಕಾರಣ. ಬರ್ಮಿಂಗ್‌ಹ್ಯಾಮಿನಿಂದ ಎಡಿನ್‌ಬರೋಗೆ ಸುಮಾರು 400 ಕಿಲೋಮೀಟರ್; ಅಷ್ಟರ ಮೇಲೆ ವಿಮಾನಕ್ಕೆ ರೈಲಿನೊಡನೆ ಪೈಪೋಟಿ ಮಾಡುವ ಶಕ್ತಿ ಬರುತ್ತದೆ. ಫ್ರಾನ್ಸ್ 2023ರಲ್ಲಿ, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಬಹುದಾದ ಕೆಲವು ದೇಶೀಯ ಮಾರ್ಗಗಳ ವಿಮಾನಗಳನ್ನು ಕಾನೂನಿನಿಂದಲೇ ನಿಲ್ಲಿಸಿತು. ಬ್ರಿಟನ್ ಅದೇ ವರ್ಷದ ಏಪ್ರಿಲ್‌ನಲ್ಲಿ ದೇಶೀಯ ಪ್ರಯಾಣಿಕರ ವಿಮಾನ ತೆರಿಗೆಯನ್ನು 13 ಪೌಂಡಿನಿಂದ ಆರೂವರೆ ಪೌಂಡಿಗೆ ಇಳಿಸಿತು. ಹಾಗಿದ್ದೂ ಬರ್ಮಿಂಗ್‌ಹ್ಯಾಮ್–ಮ್ಯಾಂಚೆಸ್ಟರ್ ನಡುವೆ ಹಾರಲು ಯಾರೂ ಮುಂದೆ ಬರಲಿಲ್ಲ.

ದೂರದಿಂದ ಬರುವವರಿಗೆ ಈ ಸಾಮೀಪ್ಯದಿಂದ ಬೇರೊಂದು ಬಗೆಯ ಪ್ರಯೋಜನವಿದೆ. ಬೆಂಗಳೂರಿನಿಂದ ಲೀಡ್ಸಿನಲ್ಲಿರುವ ಮಕ್ಕಳ ಮನೆಗೆ ಹೋಗುವ ತಂದೆ ತಾಯಿ ಕೆಎಲ್‌ಎಂ ವಿಮಾನದಲ್ಲಿ ಆಮ್‌ಸ್ಟರ್‌ಡ್ಯಾಮ್ ಮೂಲಕ ನೇರ ಲೀಡ್ಸ್ ಬ್ರಾಡ್‌ಫರ್ಡಿಗೇ ಇಳಿಯಬಹುದು. ಇಲ್ಲವೇ ಎಮಿರೇಟ್ಸ್‌ನಲ್ಲಿ ದುಬೈ ಮೂಲಕ ಮ್ಯಾಂಚೆಸ್ಟರಿಗೆ ಬಂದು, 1993ರಲ್ಲಿ ಆರಂಭವಾದ ಅಲ್ಲಿನ ರೈಲು ನಿಲ್ದಾಣದಿಂದ ಲೀಡ್ಸ್ ರೈಲು ಹತ್ತಬಹುದು. ಲೀಡ್ಸ್ ಬ್ರಾಡ್‌ಫರ್ಡಿಗೆ ರೈಲು ನಿಲ್ದಾಣವಿಲ್ಲ, ಬಸ್ಸು ಅಥವಾ ಟ್ಯಾಕ್ಸಿಯೇ ಗತಿ. ಹೀಗಾಗಿ 70 ಕಿಲೋಮೀಟರ್ ಆಚೆ ಇಳಿದವರೂ ಊರಿನ ನಿಲ್ದಾಣದಲ್ಲೇ ಇಳಿದವರೂ ಮನೆ ಮುಟ್ಟುವ ಹೊತ್ತಿನಲ್ಲಿ ನಿರೀಕ್ಷಿಸಿದಷ್ಟು ಅಂತರವಿರುವುದಿಲ್ಲ.

ನಿಲ್ದಾಣದಿಂದ ನಿಲ್ದಾಣಕ್ಕಿರುವ ಈ ದೂರವನ್ನು ಪ್ರತಿದಿನ ತಪ್ಪದೆ ಲೆಕ್ಕ ಹಾಕುವವರು ಪೈಲಟ್‌ಗಳು. ಇಳಿಯಬೇಕಾದ ಕಡೆ ಮಂಜೋ ಅಡ್ಡಗಾಳಿಯೋ ತಡೆದರೆ ಎಲ್ಲಿಗೆ ಹೋಗುವುದೆಂದು ಹೊರಡುವ ಮೊದಲೇ ಗೊತ್ತುಮಾಡಿರಬೇಕು. ಈ ಬದಲಿ ನಿಲ್ದಾಣ ತಲುಪಲು ಬೇಕಾದ ಇಂಧನ ಬೇರೆ. ಅದರ ಮೇಲೆ ಜೆಟ್ ವಿಮಾನವಾದರೆ ಇನ್ನೂ 30 ನಿಮಿಷ 1,500 ಅಡಿ ಎತ್ತರದಲ್ಲಿ ಸುತ್ತುತ್ತಿರಲು ಬೇಕಾದಷ್ಟು ಕೊನೆಯ ಮೀಸಲು ಬೇರೆ. ಲೀಡ್ಸಿಗೆ ಹೊರಟ ವಿಮಾನಕ್ಕೆ ಮ್ಯಾಂಚೆಸ್ಟರ್ ಹತ್ತಿರದ ಬದಲಿ. ಬದಲಿ ಹತ್ತಿರವಿದ್ದಷ್ಟೂ ಹೊರಬೇಕಾದ ಇಂಧನ ಕಡಿಮೆ, ತೂಕ ಕಡಿಮೆ, ಖರ್ಚೂ ಕಡಿಮೆ. ತೀರಾ ಹತ್ತಿರವಿದ್ದರೆ ಒಂದೇ ಮಂಜು ಎರಡನ್ನೂ ಕವಿಯುವ ಅಪಾಯವಿದೆ. ಆಗ ಬರ್ಮಿಂಗ್‌ಹ್ಯಾಮೋ ನ್ಯೂಕಾಸಲ್ಲೋ ಪಟ್ಟಿಗೆ ಸೇರುತ್ತದೆ. ಪೆನೈನ್‌ನ ಎರಡು ಮಗ್ಗುಲಿನ ಹವೆ ಬಹಳ ಸಲ ಬೇರೆಬೇರೆಯಾಗಿರುವುದು ಇಲ್ಲಿ ಅನುಕೂಲವಾಗಿದೆ. ಲೀಡ್ಸಿನಲ್ಲಿ ಇಳಿಯಲಾಗದೆ ಮ್ಯಾಂಚೆಸ್ಟರಿಗೆ ತಿರುಗಿದ ವಿಮಾನದ ಪ್ರಯಾಣಿಕರನ್ನು ಸಾಮಾನ್ಯವಾಗಿ ಬಸ್ಸಿನಲ್ಲಿ ಎಂ62ರ ಮೇಲೆ ಲೀಡ್ಸಿಗೆ ಕರೆದೊಯ್ಯುತ್ತಾರೆ. ಹವೆ ತಿಳಿಯಾದ ಮೇಲೆ ಮರುದಿನದ ಸೇವೆಗೆಂದು ವಿಮಾನ ಖಾಲಿಯಾಗಿ ಬೆಟ್ಟ ದಾಟಿ ಲೀಡ್ಸಿಗೆ ಬರುತ್ತದೆ. ದೊಡ್ಡ ವಿಮಾನಗಳು ಈ ದಾರಿಯಲ್ಲಿ ಹಾರುವುದು ಬಹುಮಟ್ಟಿಗೆ ಇಂಥ ಸಂದರ್ಭಗಳಲ್ಲೇ, ಪ್ರಯಾಣಿಕರಿಲ್ಲದೆ.